ಹದಿನಾಲ್ಕನೇ ನಿಯಮದ ಎರಡನೇ ಸಾಲು

ಮಾರ್ಚ್ 4

ಪ್ರೀತಿಯ ಥಂಡಿ,

ಇಪ್ಪತ್ತಮೂರು ಸಲ ಫೋನ್ ಮಾಡಿದೆ. ಇಪ್ಪತ್ತನಾಲ್ಕನೆಯದಕ್ಕೆ ನನಗೇ ನಾಚಿಕೆಯಾಗಿ ಕಾಗದ ತೆಗೆದುಕೊಂಡೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ಗೊತ್ತು. ಆದರೆ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಆರು ವರ್ಷ ನನ್ನ ಜೊತೆ ಇದ್ದು ಅದನ್ನು ಓದಲು ಕಲಿತವಳು ನೀನೊಬ್ಬಳೇ, ಹಾಗಾಗಿ ಧೈರ್ಯ.

ನೀನು ಅರ್ಜಿ ಹಾಕಿದ್ದ ನಮ್ಮ ಸಂಸ್ಥೆಯ ಹುದ್ದೆಯ ಫಲಿತಾಂಶ ನೋಟೀಸು ಬೋರ್ಡಿನಲ್ಲಿ ನೋಡಿರುತ್ತೀ. ಒಳಗೆ ಏನು ನಡೆಯಿತು ಎಂಬುದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಆಯ್ಕೆ ಸಮಿತಿಯಲ್ಲಿ ನಾವು ಐದು ಜನ. ನಾನೇ ಬರೆದ ನೇಮಕಾತಿ ನಿಯಮಗಳಂತೆ ಅರ್ಜಿಗಳ ಮೇಲೆ ಹೆಸರಿಲ್ಲ, ಊರಿಲ್ಲ, ಗೈಡ್ ಯಾರು ಎಂಬುದಿಲ್ಲ, ಬರೀ ನಂಬರು. ಏಳನೇ ಅರ್ಜಿ ತೆಗೆದೆ. ಎರಡನೇ ಪುಟದಲ್ಲಿ, 'ಮೀಟರು ಸೊನ್ನೆ ತೋರಿಸಿದರೆ ಮೊದಲು ಮೀಟರನ್ನೇ ಅನುಮಾನಿಸಬೇಕು' ಎಂಬ ಸಾಲು. ಹಾಸ್ಟೆಲಿನ ಕರೆಂಟು ಮೀಟರು ನಿಂತುಹೋಗಿ ನಾವೆಲ್ಲ ಕುಣಿದಾಡಿದಾಗ ನೀನೊಬ್ಬಳು ಮುಖ ಗಂಟಿಕ್ಕಿಕೊಂಡು ಇದೇ ಮಾತು ಹೇಳಿದ್ದೆ. ಇನ್ನೇನು ಅನುಮಾನ! ಅರ್ಜಿದಾರರ ಗುರುತು ಸಿಕ್ಕಿದವರು ಎದ್ದು ಹೋಗಬೇಕು ಎಂದು ನಿಯಮ ಇದೆ. ಎದ್ದೆ. "ನಿಮ್ಮ ನಿಯಮ, ನಿಮಗೇ ಮೊದಲು ಬಂತು ನೋಡಿ" ಅಂತ ಅಧ್ಯಕ್ಷರು ನಕ್ಕರು. ನಾನೂ ನಕ್ಕೆ.

ಹೊರಗೆ ಒಂದು ಕಾಲು ಗಿಡ್ಡಗಿರುವ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತಿದ್ದೆ. ಒಳಗೆ ನಾಲ್ಕು ಜನ ಎರಡು ಎರಡಾಗಿ ಒಡೆದುಕೊಂಡರಂತೆ. ಒಂದು ಅರ್ಜಿ, ಅಷ್ಟೇನೂ ತಣ್ಣಗಾಗಿಸದೆಯೇ ವಿದ್ಯುತ್ತಿಗೆ ಎಳ್ಳಷ್ಟೂ ಅಡ್ಡಿ ಮಾಡದ ವಸ್ತುವನ್ನು ಕಂಡುಹಿಡಿದಿದ್ದೇವೆ ಅನ್ನುತ್ತದೆ. ಇನ್ನೊಂದು, ಅಂಥದ್ದು ತಾನು ಅಳೆದ ವಸ್ತುವಿನಲ್ಲಿ ಇಲ್ಲವೇ ಇಲ್ಲ ಅನ್ನುತ್ತದೆ. "ಕಂಡೆ ಅನ್ನೋರನ್ನ ಬಿಟ್ಟು ಕಾಣಲಿಲ್ಲ ಅನ್ನೋರನ್ನ ಯಾಕೆ ತಗೊಳ್ಳೋಣ?" ಅಂದ ಅಧ್ಯಕ್ಷರು, ಮತ ಸಮವಾದಾಗ ಹಾಕುವ ತಮ್ಮ ಎರಡನೇ ಮತವನ್ನು ಕಂಡವರಿಗೆ ಹಾಕಿದರು. ಆಮೇಲೆ ಹೆಸರು ಬಿಚ್ಚಿದರೆ, ಅವನು ನಿನ್ನ ಲ್ಯಾಬಿನವನೇ. ಎದುರು ಮೇಜಿನವನು.

ಜೂನಿನಲ್ಲಿ ನಿನಗೆ ನಲವತ್ತು ತುಂಬುತ್ತದೆ, ಆಮೇಲೆ ಈ ಹುದ್ದೆಗೆ ಅರ್ಜಿ ಹಾಕುವ ಹಾಗಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಎದ್ದು ಬರುವುದನ್ನು ಬಿಟ್ಟು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ ಕಣೇ. ಬೈಯಬೇಕು ಅನ್ನಿಸಿದರೆ ಬೈ. ಸುಮ್ಮನಿರಬೇಡ.

ನಿನ್ನ ದಾರಿ ನೋಡುತ್ತ,
ಲಾಯರಮ್ಮ


ಮೇ 19

ಲಾಯರಮ್ಮನಿಗೆ,

ಕಾಗದ ತಲುಪಿತ್ತು. ಹಳೆಯ ವಿಳಾಸಕ್ಕೆ ಹೋಗಿ ಅಲ್ಲಿಂದ ಇಲ್ಲಿಗೆ ಬಂತು. ಉಳಿದ ಮೂರೂ ಬಂದವು.

ಲ್ಯಾಬು ಬಿಟ್ಟೆ. ಏಪ್ರಿಲ್ ಹನ್ನೊಂದಕ್ಕೆ ಬೀಗದ ಕೈ, ಗುರುತಿನ ಚೀಟಿ, ಹೀಲಿಯಂ ಸಿಲಿಂಡರಿನ ಪುಸ್ತಕ ಎಲ್ಲ ಒಪ್ಪಿಸಿದೆ. ಗೈಡ್ "ಇರಬಹುದಿತ್ತು, ಇನ್ನೊಂದು ಆರು ತಿಂಗಳು ಹೇಗಾದರೂ ಮಾಡ್ತಿದ್ದೆ" ಅಂದರು. ಆರು ತಿಂಗಳು, ಆರು ತಿಂಗಳು ಎಂದು ಒಂಬತ್ತು ವರ್ಷ ಆಯಿತು.

ಈಗ ಒಂದು ಚಿಕ್ಕ ಊರಿನ ನೀರು ಸರಬರಾಜು ಕಚೇರಿಯಲ್ಲಿದ್ದೇನೆ. ಎರಡು ವರ್ಷದ ಗುತ್ತಿಗೆ. ಯಾವ ಬೀದಿಗೆ ಎಷ್ಟು ನೀರು ಹೋಗುತ್ತದೆ ಎಂದು ಅಳೆಯುವ ಕೆಲಸ. ಅಳೆಯಲು ಬರುವವರು ಬೇಕಾಗಿದ್ದರು. ನನಗೆ ಅಳೆಯಲು ಬರುತ್ತದೆ.

ಕಚೇರಿ ಎಂದರೆ ಮೂರು ಕೋಣೆ. ಮೊದಲನೆಯದರಲ್ಲಿ ದೂರು ಕೊಡಲು ಬಂದವರು ನಿಲ್ಲುತ್ತಾರೆ. ಎರಡನೆಯದರಲ್ಲಿ ಇಂಜಿನಿಯರ್ ಕೂರುತ್ತಾರೆ. ಹುಳಿತೇಗಿನ ಮಾತ್ರೆಯನ್ನು ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಾರೆ, ಅರ್ಧ ಮಾತ್ರ ಕೇಳಿಸುತ್ತದೆ. ಮೂರನೆಯದರಲ್ಲಿ ಪೈಪಿನ ತುಂಡು, ವಾಷರ್, ಹಳೆಯ ನಕ್ಷೆಗಳು ಮತ್ತು ನಾನು. ಬೆಳಿಗ್ಗೆ ಹೋಗುತ್ತೇನೆ. ನಲ್ಲಿಗಳಿಗೆ ಒತ್ತಡದ ಮೀಟರು ಸಿಕ್ಕಿಸಿ ಕಾಲು ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುತ್ತೇನೆ. ಸಂಜೆ ಬಂದು ಅನ್ನ ಮಾಡಿಕೊಳ್ಳುತ್ತೇನೆ. ಮನೆ ಸಾಕಷ್ಟು ದೊಡ್ಡದಿದೆ. ನಿದ್ದೆ ಬರುತ್ತದೆ. ಊಟ ಸೇರುತ್ತದೆ. ಕೇಳುತ್ತೀ ಎಂದು ಹೇಳುತ್ತಿದ್ದೇನೆ.

ಬೈಯಬೇಕು ಅನ್ನಿಸಿದರೆ ಬೈ ಎಂದು ಬರೆದಿದ್ದೀ. ಅನ್ನಿಸುತ್ತಿಲ್ಲ. ಕಾಲು ಜೋಮು ಹಿಡಿದಾಗ ಅದರ ಮೇಲೆ ಯಾರಾದರೂ ಕೂತರೂ ಗೊತ್ತಾಗುವುದಿಲ್ಲವಲ್ಲ, ಹಾಗಿದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಇಂತಿ,
ತಾತ್ಕಾಲಿಕ ಸಹಾಯಕಿ, ನೀರು ಸರಬರಾಜು ಕಚೇರಿ


ಜೂನ್ 2

ಥಂಡೀ,

ತಾತ್ಕಾಲಿಕ ಸಹಾಯಕಿಯಂತೆ! ನಿನಗೆ ಬೈಯಲು ಬರುವುದಿಲ್ಲ ಎಂದು ಯಾರು ಹೇಳಿದ್ದು?

ಇಲ್ಲಿ ಎದುರು ಮೇಜಿನವನು ಸೇರಿಕೊಂಡ. ಅವನಿಗೆ ಕಿಟಕಿ ಇರುವ ಕೋಣೆ ಕೊಟ್ಟಿದ್ದಾರೆ. ಸಿಕ್ಕಿದಾಗೆಲ್ಲ "ಮೇಡಂ, ಚೆನ್ನಾಗಿದೀರಾ?" ಅನ್ನುತ್ತಾನೆ. ಕೆಟ್ಟವನ ಹಾಗೆ ಕಾಣುವುದಿಲ್ಲ, ಅದೇ ಕಷ್ಟ. ಹೋದ ವಾರ ಅವನ ಭಾಷಣ ಇತ್ತು. ಸಭಾಂಗಣ ಕಿಕ್ಕಿರಿದಿತ್ತು. ಅತಿವಾಹಕ ಎಂದರೇನು, ಅದರಿಂದ ತಂತಿಗಳಲ್ಲಿ ವಿದ್ಯುತ್ತು ಒಂದಿಷ್ಟೂ ಸೋರದೆ ಹೇಗೆ ಹೋಗುತ್ತದೆ ಎಂದು ಎಷ್ಟು ಚೆಂದ ಹೇಳಿದನೆಂದರೆ, ಭೌತಶಾಸ್ತ್ರ ಅಂದರೆ ಮೂರು ಮೈಲಿ ಓಡುವ ನನಗೂ ಅರ್ಥವಾದ ಹಾಗಾಯಿತು. ಒಂದು ಗೆರೆ ಪರದೆಯ ಮೇಲೆ ಇಳಿಯುತ್ತ ಇಳಿಯುತ್ತ ಬಂದು ಸೊನ್ನೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ತಟ್ಟದೆಯೂ ಇರಲಿಲ್ಲ. ಕೈ ಮಡಿಲಲ್ಲೇ ಸ್ವಲ್ಪ ಅಲ್ಲಾಡಿತು.

ಒಂದು ಕೇಳಲಾ? ನಿನ್ನ ಅರ್ಜಿಯಲ್ಲಿ ನೀನು ಬರೆದದ್ದು ಇದೇ ವಸ್ತುವಿನ ಬಗ್ಗೆಯೋ? ಅವನು ಹೇಳುತ್ತಿರುವುದು ಸುಳ್ಳೋ?

ಹುಟ್ಟಿದ ದಿನ ಹತ್ತಿರ ಬಂತು. ಆವತ್ತಾದರೂ ಫೋನ್ ಎತ್ತು.

ನಿನ್ನ ಮೊಂಡಿ,
ಲಾಯರಮ್ಮ


ಜುಲೈ 27

ಲಾಯರಮ್ಮನಿಗೆ,

ಅವನು ಹೇಳುತ್ತಿರುವುದು ಸುಳ್ಳಲ್ಲ. ತಪ್ಪು. ಎರಡೂ ಬೇರೆ.

ಅಳೆಯಬೇಕಾದ ವಸ್ತುವಿನ ಒಂದು ಸಣ್ಣ ತುಣುಕಿಗೆ ನಾಲ್ಕು ತಂತಿ ಅಂಟಿಸುತ್ತೇವೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸುತ್ತೇವೆ, ಒಳಗಿನ ಎರಡರ ನಡುವೆ ಅಳೆಯುತ್ತೇವೆ. ತಣ್ಣಗಾಗುವಾಗ ಅವನು ಅಳೆದ ತುಣುಕಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ವಿದ್ಯುತ್ತು ಆ ಜಾಗ ಬಿಟ್ಟು ಸುತ್ತಿಕೊಂಡು ಹೋಯಿತು. ಒಳಗಿನ ತಂತಿಗಳ ನಡುವೆ ಏನೂ ಹರಿಯದಿದ್ದರೆ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಅದನ್ನು ಅವನು ಅಡ್ಡಿ ಇಲ್ಲ ಎಂದು ಓದಿಕೊಂಡ. ಓದಿಕೊಳ್ಳಬೇಕೆಂದು ತುಂಬ ಆಸೆಯಿತ್ತು. ಗೈಡ್‌ಗೆ ಇನ್ನೂ ಹೆಚ್ಚು ಆಸೆ ಇತ್ತು.

ನಾನು ಅದೇ ವಸ್ತುವಿಗೆ ತಂತಿಗಳನ್ನು ಬೇರೆ ಬೇರೆ ಕಡೆ ಅಂಟಿಸಿ ಹನ್ನೊಂದು ಸಲ ಅಳೆದೆ. ಒಮ್ಮೆಯೂ ಸೊನ್ನೆ ಬರಲಿಲ್ಲ. ಹನ್ನೊಂದನೇ ಸಲ ನೀನೂ ಇದ್ದೆ. ಅದೊಂದು ಭಾನುವಾರ, ಸಹಾಯಕ್ಕೆ ಯಾರೂ ಸಿಕ್ಕದೆ ನಿನ್ನನ್ನು ಕರೆದಿದ್ದೆ. ನಾನು ಕೂಗಿ ಹೇಳಿದ ಅಂಕಿಗಳನ್ನು ಬರೆದುಕೊಂಡದ್ದು ನೀನೇ. ಅದು ಯಾವ ವಸ್ತು ಎಂದು ಆವತ್ತು ಹೇಳಿದ್ದೆ ಕೂಡ.

ಗೈಡ್‌ಗೆ ತೋರಿಸಿದೆ. "ಇದನ್ನ ಈಗ ಎತ್ತಬೇಡ, ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತೆ" ಅಂದರು. ಅರ್ಜಿಯಲ್ಲಿ ಮಾತ್ರ ಬರೆದೆ.

ಅದು ಮುಗಿಯಿತು. ಇಲ್ಲಿಯ ಸಂಗತಿ ಹೇಳುತ್ತೇನೆ.

ಕಚೇರಿಯ ಪಟ್ಟಿಯಲ್ಲಿ ಎಲ್ಲ ಬೀದಿಗೂ ಎರಡು ಗಂಟೆ ನೀರು ಎಂದಿದೆ. ಕೊನೆಯ ಬೀದಿಗೆ ಬರುವುದು ಇಪ್ಪತ್ತು ನಿಮಿಷ. ಮೇಲಿನ ಮನೆಗಳ ತೊಟ್ಟಿಗಳೆಲ್ಲ ತುಂಬಿದ ಮೇಲೆ ಉಳಿದದ್ದು ಅಲ್ಲಿಗೆ ಇಳಿಯುತ್ತದೆ. ಆದರೆ ಮಂಗಳವಾರ, ಶುಕ್ರವಾರ ಮಾತ್ರ ಅಲ್ಲಿ ಮುಕ್ಕಾಲು ಗಂಟೆ ಬರುತ್ತಿತ್ತು. ನನ್ನ ಮೀಟರೇ ಕೆಟ್ಟಿದೆ ಎಂದುಕೊಂಡು ಬದಲಾಯಿಸಿದೆ. ಆಗಲೂ ಅಷ್ಟೇ. ಆಮೇಲೆ ತಿಳಿಯಿತು. ಆ ಎರಡು ದಿನ ನೀರು ಬಿಡುವ ಲೆಕ್ಕವೇ ಬೇರೆ.

ಇಲ್ಲಿ ನೀರು ಬಿಡುವ ಕೆಲಸ ಒಬ್ಬರ ಹೆಸರಿನಲ್ಲಿದೆ. ವಯಸ್ಸು ಐವತ್ತೆಂಟೇ, ತಲೆ ಪೂರಾ ಬೆಳ್ಳಗಾಗಿರುವುದರಿಂದ ಎಲ್ಲರೂ ಅಜ್ಜ ಅನ್ನುತ್ತಾರೆ. ಮಂಡಿ ಹೋಗಿದೆ. ವಾಲ್ವಿನ ಗುಂಡಿಗೆ ಇಳಿಯಲಾರರು. ಹನ್ನೊಂದು ವರ್ಷದಿಂದ ಇಳಿಯುತ್ತಿರುವುದು ಅವರ ಸೊಸೆ. ಮಂಗಳವಾರ, ಶುಕ್ರವಾರ ಅಜ್ಜ ಆಸ್ಪತ್ರೆಗೆ ಹೋಗುವ ದಿನ. ಉಳಿದ ದಿನ ಗುಂಡಿಯ ಅಂಚಿನಲ್ಲಿ ಕೂತು, ಪಟ್ಟಿಯಲ್ಲಿ ಇರುವ ಹಾಗೇ ತಿರುಗಿಸು ಅನ್ನುತ್ತಾರೆ. ಅವರು ಇಲ್ಲದ ದಿನ ಆಕೆ ತನ್ನ ಲೆಕ್ಕದಂತೆ ತಿರುಗಿಸುತ್ತಾಳೆ.

"ಹದಿನೇಳು ಸುತ್ತು ಮೇಡಂ, ಹದಿನೆಂಟನೇದು ಬೇಡ. ಹದಿನೆಂಟು ಬಿಟ್ರೆ ಮೇಲಿನ ಬೀದಿ ಪೈಪು ನಡುಗುತ್ತೆ, ಕೆಳಗಿನವರಿಗೆ ಬರೀ ಗಾಳಿ" ಅಂದಳು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಆಕೆ ಕೇಳಿಸಿಕೊಂಡದ್ದನ್ನು ನಾನು ಮೂರು ವಾರ ಮೀಟರಿನಿಂದ ಅಳೆದೆ. ಸರಿಯಾಗಿತ್ತು.

ಕಚೇರಿಯಲ್ಲಿ ಎಲ್ಲರಿಗೂ ಇದು ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

ಹುಟ್ಟಿದ ದಿನ ಫೋನ್ ಬಡಿದುಕೊಂಡದ್ದು ಕೇಳಿಸಿತು. ಕೈಯಲ್ಲಿ ಕೆಲಸ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದೆ.

ಇಂತಿ,
ತಾತ್ಕಾಲಿಕ ಸಹಾಯಕಿ


ಸೆಪ್ಟೆಂಬರ್ 15

ಥಂಡೀ,

ನೀನು ಗೆದ್ದೆ! ಎರಡು ಬೇರೆ ಲ್ಯಾಬಿನವರು ಆ ವಸ್ತುವನ್ನು ಮಾಡಿ ನೋಡಿದರು. ಸೊನ್ನೆಯೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಗೈಡ್ ಲೇಖನ ಹಿಂದಕ್ಕೆ ತೆಗೆದುಕೊಂಡರು. ಎದುರು ಮೇಜಿನವನು ಯಾರ ಮುಖವನ್ನೂ ನೋಡದೆ ಒಂದು ವಾರ ಓಡಾಡಿ ಸೋಮವಾರ ರಾಜೀನಾಮೆ ಕೊಟ್ಟ. ಹೋಗುವ ಮೊದಲು ನನ್ನ ಕೋಣೆಗೆ ಬಂದ. "ಅವರು ಆಗಲೇ ಹೇಳಿದ್ರು ಮೇಡಂ. ಕಿವಿಗೆ ಹಾಕ್ಕೊಳ್ಳಲಿಲ್ಲ" ಅಂದ. ನಿಂತೇ ಇದ್ದ. ಕೂತ್ಕೋ ಎಂದೂ ಹೇಳಲಾಗಲಿಲ್ಲ ನನಗೆ.

ಈಗ ವಿಷಯಕ್ಕೆ ಬರುತ್ತೇನೆ. ಹುದ್ದೆಗೆ ಮತ್ತೆ ಅರ್ಜಿ ಕರೆಯುತ್ತಾರೆ. ನಿನಗೆ ಮೂರು ತಿಂಗಳು ಹೆಚ್ಚಾಗಿದೆ, ಗೊತ್ತು. ಹಿಂದಿನ ಆಯ್ಕೆಯೇ ತಪ್ಪಾಗಿದ್ದರಿಂದ ಆಗ ಅರ್ಜಿ ಹಾಕಿದ್ದವರಿಗೆ ವಯಸ್ಸಿನ ಮಿತಿ ಸಡಿಲಿಸಬೇಕು ಎಂದು ನಾನು ಕಡತ ಎಬ್ಬಿಸಿದ್ದೇನೆ. ಯಾರ್ಯಾರ ಮುಂದೆ ಎಷ್ಟು ಸಲ ಹಲ್ಲು ಕಿರಿದಿದ್ದೇನೆ ಎಂದು ಕೇಳಬೇಡ. ಆಗುತ್ತದೆ, ಮಾಡಿಸುತ್ತೇನೆ. ನೀನು ಕಾಗದ ಪತ್ರ ಜೋಡಿಸಿಟ್ಟುಕೋ.

ಇನ್ನೊಂದು ಖುಷಿಯ ಸುದ್ದಿ. ನನ್ನ ನಿಯಮಗಳನ್ನು ಇನ್ನು ಮೇಲೆ ಎಲ್ಲ ಸರ್ಕಾರಿ ಕಚೇರಿಗಳೂ ಪಾಲಿಸಬೇಕು ಎಂದು ಸುತ್ತೋಲೆ ಹೊರಟಿದೆ. ನಿಮ್ಮ ಮಾತ್ರೆ ಇಂಜಿನಿಯರ್ ಮೇಜಿಗೂ ಬರುತ್ತದೆ ನೋಡು. ಓದಲು ಹೇಳು, ಹುಳಿತೇಗು ಹೆಚ್ಚಾಗಲಿ.

ಹೂಂ ಅಂತ ಒಂದು ಸಾಲು ಬರೆ. ಸಾಕು.

ಬೆನ್ನು ಬಿಡದವಳು,
ಲಾಯರಮ್ಮ


ಅಕ್ಟೋಬರ್ 21

ಲಾಯರಮ್ಮನಿಗೆ,

ಸುತ್ತೋಲೆ ಬಂತು. ನೀರು ಬಿಡುವವರ ಇನ್ನೊಂದು ಹುದ್ದೆ ಮಂಜೂರಾಗಿತ್ತು. ಅದಕ್ಕೆ ನಿನ್ನ ನಿಯಮದಂತೆ ಆಯ್ಕೆ ನಡೆಯಿತು. ಸಮಿತಿಯಲ್ಲಿ ಮೂರು ಜನ. ಇಂಜಿನಿಯರ್, ಅಧ್ಯಕ್ಷರಾಗಿ ಮೇಲಿನ ಕಚೇರಿಯ ಅಧಿಕಾರಿ, ಮತ್ತು ಅಳೆಯುವುದು ಗೊತ್ತು ಎಂಬ ಕಾರಣಕ್ಕೆ ನಾನು.

ಅದಕ್ಕೆ ಹತ್ತು ದಿನ ಮೊದಲು ಸೊಸೆ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಕೇಳಿದಳು. "ನಾನೂ ಅರ್ಜಿ ಹಾಕ್ತಿದೀನಿ. ಅನುಭವ ಅನ್ನೋ ಕಡೆ ಏನು ಬರೀಲಿ ಮೇಡಂ?"

"ಇರೋದನ್ನ ಬರೀರಿ. ಹನ್ನೊಂದು ವರ್ಷ."

"ಹಾಗೆ ಬರೆದ್ರೆ ಮಾವನ ಕೆಲಸ ಹೋಗುತ್ತೆ. ಅವರು ರಿಟೈರ್ ಆಗೋಕೆ ಇನ್ನು ಹದಿನಾಲ್ಕೇ ತಿಂಗಳು. ಬೇಡ."

ಅಷ್ಟು ಹೇಳಿ ಸಲಾಕೆ ಎತ್ತಿಕೊಂಡು ಹೋದಳು.

ಆಯ್ಕೆಯ ಹಿಂದಿನ ದಿನ ನಿನ್ನ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಆರು ವರ್ಷ ಒಂದೇ ಕೋಣೆಯಲ್ಲಿ ನೀನು ಇಂಥ ನಿಯಮಗಳನ್ನು ಗಟ್ಟಿಯಾಗಿ ಓದುತ್ತಿದ್ದಾಗ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಈಗ ಓದಿದೆ. ಚೆನ್ನಾಗಿ ಬರೆದಿದ್ದೀ.

ಆರು ಅರ್ಜಿ ಇದ್ದವು. ನಾಲ್ಕನೆಯದರಲ್ಲಿ ಅನುಭವದ ಮುಂದೆ 'ಇಲ್ಲ' ಎಂದಿತ್ತು. ಪೈಪಿನಲ್ಲಿ ಗಾಳಿ ಸೇರಿದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ, 'ಕೊನೆ ಮನೆಯವರಿಗೆ ಮೊದಲು ನಲ್ಲಿ ತೆಗೆಯಲು ಹೇಳುತ್ತೇನೆ' ಎಂದಿತ್ತು. ಉಳಿದ ಐದೂ ಜನ ಪುಸ್ತಕದಲ್ಲಿ ಇರುವ ಉತ್ತರ ಬರೆದಿದ್ದರು. "ನಾಲ್ಕನ್ನ ಬದಿಗಿಡೋಣ, ಅನುಭವವೇ ಇಲ್ಲ" ಎಂದು ಅಧಿಕಾರಿ ಕೆಳಗೆ ಇಟ್ಟರು. ಅದು ಯಾರದು ಎಂದು ಇಂಜಿನಿಯರ್‌ಗೂ ಗೊತ್ತಾಯಿತು. ಅವರು ಮಾತ್ರೆ ಬಾಯಿಗೆ ಹಾಕಿಕೊಂಡರು.

ನಾನು ಎದ್ದೆ. ಹದಿನಾಲ್ಕನೇ ನಿಯಮ ಹಾಗೆ ಹೇಳುತ್ತದೆ. ಅರ್ಜಿದಾರರನ್ನು ಗುರುತಿಸಿದ ಸದಸ್ಯರು ಎದ್ದು ಹೋಗತಕ್ಕದ್ದು. ಅದು ಮೊದಲ ಸಾಲು.

ಎರಡನೇ ಸಾಲೂ ಇದೆ. ಅರ್ಜಿದಾರರ ಕೆಲಸವನ್ನು ಸ್ವತಃ ಕಂಡಿದ್ದು ಆ ಸಂಗತಿ ಅರ್ಜಿಯಲ್ಲಿ ಸಾಬೀತಾಗದಿದ್ದರೆ, ಎದ್ದು ಹೋಗುವ ಸದಸ್ಯರು ಅದನ್ನು ಬರೆದು ಸಹಿ ಮಾಡಿ ಅಧ್ಯಕ್ಷರಿಗೆ ಕೊಡಬಹುದು.

ಬರೆದೆ. ನಿಂತುಕೊಂಡೇ ಬರೆದೆ. ನಾಲ್ಕನೇ ಅರ್ಜಿದಾರರು ಹನ್ನೊಂದು ವರ್ಷದಿಂದ ಈ ಊರಿಗೆ ನೀರು ಬಿಡುತ್ತಿದ್ದಾರೆ, ಮೂರು ವಾರ ನಾನೇ ಅಳೆದಿದ್ದೇನೆ, ಅಂಕಿಗಳು ಇಲ್ಲಿವೆ ಎಂದು ಬರೆದೆ. ಸಹಿ ಹಾಕಿ ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ. ಆಕೆಯನ್ನು ಕೇಳಲಿಲ್ಲ. ಅಜ್ಜನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು ಎಂದು ನನಗೆ ಗೊತ್ತಿತ್ತು.

ದೂರು ಕೊಡುವವರು ನಿಲ್ಲುವ ಕೋಣೆಯಲ್ಲಿ ನಿಂತುಕೊಂಡೆ. ಆಗ ಒಂದು ಪ್ರಶ್ನೆ ಬಂತು. ಕೋಪದಿಂದ ಕೇಳುತ್ತಿಲ್ಲ. ಮೀಟರಿನ ಅಂಕಿ ಕೇಳಿದ ಹಾಗೆ ಕೇಳುತ್ತಿದ್ದೇನೆ.

ಆವತ್ತು ಹೊರಗೆ ಬರುವ ಮೊದಲು ನೀನು ಬರೆದು ಕೊಟ್ಟೆಯಾ?

ಥಂಡಿ


ಅಕ್ಟೋಬರ್ 29

ಥಂಡಿ,

ಇಲ್ಲ.

ಪೆನ್ನಿನ ಮುಚ್ಚಳ ತೆಗೆದಿದ್ದೆ. ಕಾಗದ ಎಳೆದುಕೊಂಡಿದ್ದೆ. ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದರು. ನನ್ನ ನಿಯಮಗಳನ್ನು ಎಲ್ಲ ಕಚೇರಿಗಳಿಗೂ ಕಳಿಸಬೇಕೋ ಬೇಡವೋ ಎಂದು ಆ ತಿಂಗಳೇ ತೀರ್ಮಾನ ಆಗಬೇಕಿತ್ತು. ನಿಯಮ ಮಾಡಿದವಳೇ ಗೆಳತಿಗೆ ಚೀಟಿ ಬರೆದಳು ಎಂದು ಒಬ್ಬರು ಅಂದಿದ್ದರೂ ಹತ್ತು ವರ್ಷದ ಕೆಲಸ ನೀರಿನಲ್ಲಿ ಹೋಮವಾಗುತ್ತಿತ್ತು. ಮುಚ್ಚಳ ಹಾಕಿದೆ. ಅಧ್ಯಕ್ಷರು ನಕ್ಕಾಗ ನಾನೂ ನಕ್ಕೆ ಎಂದು ಬರೆದಿದ್ದೆನಲ್ಲ, ಅದು ಆಗ.

ಆ ಭಾನುವಾರದ ಅಂಕಿಗಳು ನೆನಪಿದ್ದವು. ಜೂನಿನಲ್ಲಿ ನಿನ್ನನ್ನು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. ನೀನು ಮರೆತಿರಬಹುದು, ನನಗೆ ಗೊತ್ತಿತ್ತು ಎಂಬುದು ನಿನಗೆ ಹೊಳೆಯದೆ ಹೋಗಬಹುದು ಎಂಬ ಆಸೆ.

ಮಾಡಬಹುದಾದದ್ದು ಏನೂ ಇರಲಿಲ್ಲ ಎಂದು ಮೊದಲ ಕಾಗದದಲ್ಲಿ ಬರೆದೆ. ಬರೆದ ಮೇಲೆ ಅದನ್ನು ನಾನೇ ನಂಬಲು ನೋಡಿದೆ.

ವಯಸ್ಸಿನ ಸಡಿಲಿಕೆ ಮಂಜೂರಾಯಿತು. ಫಾರಂ ಇದರ ಜೊತೆಗಿದೆ. ಅಂಚೆಗೆ ಹಾಕಲು ಕೊನೆಯ ದಿನ ನವೆಂಬರ್ ಇಪ್ಪತ್ತೆಂಟು. ಈ ಸಲ ಸಮಿತಿಯಲ್ಲಿ ನಾನಿಲ್ಲ, ನಾನಾಗಿಯೇ ಕೇಳಿಕೊಂಡು ಹೊರಗುಳಿದೆ. ಆವತ್ತು ಬರೆಯಬೇಕಿದ್ದುದನ್ನು ಈಗ ಬರೆದು, ತಡವಾಯಿತು ಎಂಬುದನ್ನೂ ಬರೆದು, ಅಧ್ಯಕ್ಷರಿಗೆ ಕೊಟ್ಟಿದ್ದೇನೆ. ಅವರು ಓದಿ, "ಇದನ್ನ ಕಡತಕ್ಕೆ ಸೇರಿಸಲೇಬೇಕಾ?" ಎಂದು ಎರಡು ಸಲ ಕೇಳಿದರು. ಸೇರಿಸಿ ಅಂದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಒಂದು ಸಲ ಬಂದು ಎದುರಿಗೆ ಕೂರಲಾ?

ಲಾಯರಮ್ಮ


ಡಿಸೆಂಬರ್ 6

ಲಾಯರಮ್ಮ,

ನಿನ್ನ ಕಾಗದ ಬಂದು ತಿಂಗಳಾಯಿತು. ಎರಡು ಸಲ ಓದಿದೆ. ಆವತ್ತೂ ಏನೂ ಅನ್ನಿಸಲಿಲ್ಲ. ಮಡಚಿ ಇಟ್ಟು ಮೀಟರು ತೆಗೆದುಕೊಂಡು ಹೋದೆ.

ಇಲ್ಲಿ ಆದದ್ದು ಹೇಳುತ್ತೇನೆ. ನನ್ನ ಚೀಟಿ ಓದಿದ ಅಧಿಕಾರಿ, ಎಲ್ಲರನ್ನೂ ಗುಂಡಿಯ ಹತ್ತಿರ ಕರೆಸಿ ಕೆಲಸ ಮಾಡಿಸಿ ನೋಡೋಣ ಎಂದರಂತೆ. ಆರೂ ಜನ ಇಳಿದರು. ಇಬ್ಬರಿಗೆ ವಾಲ್ವು ಅಲ್ಲಾಡಲೇ ಇಲ್ಲ. ಒಬ್ಬ ಉಲ್ಟಾ ತಿರುಗಿಸಿದ. ಸೊಸೆ ಹದಿನೇಳು ಸುತ್ತು ತಿರುಗಿಸಿ ಕೈ ಬಿಟ್ಟಳು. ಕೊನೆಯ ಬೀದಿಯಲ್ಲಿ ನೀರು ಬಂತು. ಕೆಲಸ ಆಕೆಗೆ ಸಿಕ್ಕಿತು.

ಅದೇ ವಾರ ಅಜ್ಜನನ್ನು ತೆಗೆದರು. ಬೇರೆಯವರಿಂದ ಕೆಲಸ ಮಾಡಿಸಿ ತಮ್ಮ ಹೆಸರಿಗೆ ಹಾಜರಿ ಹಾಕಿಸಿಕೊಂಡ ತಪ್ಪಿಗೆ. ಮೂವತ್ತನಾಲ್ಕು ವರ್ಷದ ಕೆಲಸ. ಅವರು ವಾಲ್ವಿನ ಕಬ್ಬಿಣದ ಕೀಲಿಯನ್ನು ಇಂಜಿನಿಯರ್ ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಸದ್ದಾಗದ ಹಾಗೆ. ಮೂರನೇ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಮನೆ ಹತ್ತಿರದಲ್ಲೇ ಇದೆ. ಅವರ ಮಂಡಿಗೆ ಅರ್ಧ ಗಂಟೆ ಹಿಡಿಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಸೊಸೆ ಮಾರನೇ ದಿನ ಕೆಲಸಕ್ಕೆ ಬಂದಳು. "ಕೇಳಬಹುದಿತ್ತು ನೀವು" ಅಂದಳು. ಇಷ್ಟೇ. ಆಮೇಲೆ ಒಂದು ತಿಂಗಳು ಅಂಕಿಗಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಫಾರಂ ತುಂಬಿದ್ದೆ. ಹಾಕಲಿಲ್ಲ ಎಂದರೆ ತ್ಯಾಗ ಎಂದೋ ಮುನಿಸು ಎಂದೋ ತಿಳಿಯಬೇಡ. ನವೆಂಬರ್ ಇಪ್ಪತ್ತೆಂಟರ ಮಧ್ಯಾಹ್ನ ಲಕೋಟೆ ಅಂಟಿಸಿ ಅಂಚೆ ಕಚೇರಿಗೆ ಹೊರಟೆ. ಅಜ್ಜನ ಮನೆ ಆ ದಾರಿಯಲ್ಲೇ ಇದೆ. ಪ್ರತಿದಿನ ತಲೆ ತಗ್ಗಿಸಿಕೊಂಡು ದಾಟುತ್ತಿದ್ದೆ. ಆವತ್ತು ಯಾಕೋ ಬಾಗಿಲ ಮುಂದೆ ನಿಂತೆ. ತಟ್ಟಲಿಲ್ಲ. ಎಷ್ಟು ಹೊತ್ತು ನಿಂತೆನೋ. ಅವರೇ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ನೀವು ಬರೆದಿದ್ದು ಸುಳ್ಳಾ?" ಅಂದರು.

"ಅಲ್ಲ ಅಜ್ಜ."

"ಮತ್ತೆ ಯಾಕೆ ಬಂದ್ರಿ?"

"ಗೊತ್ತಿಲ್ಲ."

ನನ್ನನ್ನೇ ನೋಡಿದರು. "ಬಿಸಿಲಲ್ಲಿ ನಿಂತು ಏನು ಮಾಡ್ತೀರಿ? ಒಳಗೆ ಬನ್ನಿ" ಅಂದರು.

ಹೋದೆ. ಅವರು ಕುರ್ಚಿಯ ಮೇಲೆ, ನಾನು ಮಂಚದ ಅಂಚಿನಲ್ಲಿ. ಬಟ್ಟಲಲ್ಲಿ ಬಿಸಿ ಎಣ್ಣೆ ಇಟ್ಟುಕೊಂಡು ಮಂಡಿಗೆ ತಿಕ್ಕಿಕೊಳ್ಳುತ್ತಿದ್ದರು. ಎಡಗಾಲು ಅವರ ಕೈಗೆ ಎಟುಕುತ್ತಿರಲಿಲ್ಲ. ಬಟ್ಟಲು ತೆಗೆದುಕೊಂಡು ನಾನು ತಿಕ್ಕಿದೆ. ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ, "ಮೂವತ್ತನಾಲ್ಕು ವರ್ಷ" ಅಂದರು. ನಾನು ಹೂಂ ಅಂದೆ. ಸೊಸೆ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತು ನೋಡಿದಳು. ಒಳಗೆ ಹೋಗಿ ಮೂರು ಲೋಟ ಚಹಾ ತಂದಳು.

ಹೊರಗೆ ಬಂದಾಗ ಅಂಚೆ ಕಚೇರಿ ಮುಚ್ಚಿತ್ತು. ಲಕೋಟೆ ಚೀಲದಲ್ಲೇ ಇತ್ತು. ಕೈಗೆಲ್ಲ ಎಣ್ಣೆ. ದಾರಿಯಲ್ಲಿ ಕಣ್ಣಿನಿಂದ ನೀರು ಬಂತು, ಒರೆಸಿಕೊಳ್ಳಲು ಹೋಗಿ ಎಣ್ಣೆ ಸೇರಿ ಉರಿಯಿತು. ತುಂಬ ಉರಿಯಿತು. ಮಾರ್ಚಿನಿಂದ ಈಚೆಗೆ ನನಗೆ ಏನಾದರೂ ಆಗಿದೆ ಎಂದು ಗೊತ್ತಾದದ್ದು ಅದೇ ಮೊದಲು.

ನಿನ್ನ ಮೇಲೆ ಸಿಟ್ಟಿದೆ. ಇದೆ ಎಂದು ಈಗ ತಿಳಿಯುತ್ತಿದೆ. ಹೋಗುತ್ತದೋ ಇಲ್ಲವೋ ಹೇಳಲಾರೆ. ಅಜ್ಜನ ಸಿಟ್ಟೂ ಹೋಗಿಲ್ಲ. ಆದರೂ ಈಗ ದಿನಾ ಸಂಜೆ ಹೋಗುತ್ತೇನೆ, ಅವರು ಬಾಗಿಲು ತೆಗೆಯುತ್ತಾರೆ.

ಶನಿವಾರ ಬಾ. ಹನ್ನೊಂದು ಗಂಟೆಯ ಬಸ್ಸು ಹಿಡಿದರೆ ಎರಡಕ್ಕೆ ತಲುಪುತ್ತೀ. ನಿಲ್ದಾಣಕ್ಕೆ ನಾನು ಬರುವುದಿಲ್ಲ, ಆ ಹೊತ್ತಿಗೆ ಕೊನೆಯ ಬೀದಿಯಲ್ಲಿರುತ್ತೇನೆ. ನೀರು ಅಳೆಯುವವಳು ಎಂದು ಕೇಳು, ತೋರಿಸುತ್ತಾರೆ. ನಾಲ್ಕು ಗಂಟೆಯವರೆಗೆ ಕೆಲಸ ಇರುತ್ತದೆ. ಅಂಕಿ ಬರೆದುಕೊಳ್ಳಲು ಒಬ್ಬರು ಬೇಕು.

ಥಂಡಿ